ಸತ್ತ ಕಾವಲುಗಾರ

"ಇದೇನು, ಚೌಕಾಬಾರಾನಾ?"

ಜರಿ ಅಂಗಡಿಯ ಯೋಗಾನಂದ ನಗುತ್ತಾ ದಾಳ ಎಸೆದ ಮೊದಲ ದಿನವೇ ಪದ್ಮಶ್ರೀಗೆ ಮೈಯೆಲ್ಲಾ ಉರಿದುಹೋಯಿತು.

ಬೆಂಗಳೂರಿನ ಹಾಸ್ಟೆಲ್ಲಿನಿಂದ ಆ ಆಟವನ್ನು ದೊಡ್ಡಬಳ್ಳಾಪುರಕ್ಕೆ ತಂದವನು ಅವಳ ಅಣ್ಣ ಅಭಿ. ಒಬ್ಬೊಬ್ಬರು ಒಂದೊಂದು ಪಾತ್ರವಾಗಬೇಕು, ಅಭಿ ಕಥೆ ನಡೆಸಬೇಕು, ಪಾತ್ರದ ಹಣೆಬರಹವನ್ನು ದಾಳ ತೀರ್ಮಾನಿಸಬೇಕು. ತೊಂಬತ್ನಾಲ್ಕರಲ್ಲಿ ಊರಲ್ಲಿ ಇಂಥದ್ದನ್ನು ಕಂಡವರಾರು! ಮಗ್ಗಗಳು ನಿಂತ ಭಾನುವಾರ ಅವರ ಶೆಡ್ಡಿನಲ್ಲೇ ಕೂಟ.

ಪಿಯುಸಿಗೇ ಅವಳ ಓದು ಬಿಡಿಸಿದ್ದರು. ವಾರವಿಡೀ ಕಂಡಿಕೆಗೆ ನೂಲು ಸುತ್ತುವ ಪದ್ಮಶ್ರೀ, ಭಾನುವಾರ ಮಾತ್ರ ಹೊಳೆ ದಾಟಿಸುವ ದೋಣಿಗಾರ್ತಿ ಹೊನ್ನಿ. ಅವಳಿಗೆ ಅದೇ ಉಸಿರು.

ಯೋಗಾನಂದನೋ, ನಿಯಮದ ಪುಸ್ತಕ ಮುಟ್ಟಿದವನಲ್ಲ. ತನ್ನ ಕಾವಲುಗಾರನಿಗೆ ಪಿಳ್ಳಣ್ಣ ಎಂದು ಹೆಸರಿಟ್ಟು, ಕಡಲೆಕಾಯಿ ಸುಲಿಯುತ್ತಾ ಕೂರುವವನು. ಆದರೂ ಒಂದು ವಾರವೂ ತಪ್ಪಿಸಿದವನಲ್ಲ. ಬೈದುಕೊಳ್ಳುತ್ತಲೇ ಅವಳು ಅವನ ಸೈಕಲ್ ಬೆಲ್ಲಿಗೆ ಕಾಯತೊಡಗಿದ್ದಳು...

ಒಂದು ಭಾನುವಾರ ಹೊನ್ನಿಯ ದೋಣಿ ಮುಳುಗತೊಡಗಿತು. ದೋಣಿಯಲ್ಲಿದ್ದ ಹೊನ್ನಿ, ಪಿಳ್ಳಣ್ಣ ಇಬ್ಬರಲ್ಲಿ ಒಬ್ಬರೇ ಉಳಿಯುವುದು ಎಂದ ಅಭಿ.

"ಪಿಳ್ಳಣ್ಣ ನೀರಿಗೆ ಹಾರ್ತಾನೆ," ಎಂದ ಯೋಗಾನಂದ, ದಾಳವನ್ನೂ ಮುಟ್ಟದೆ.

ಎದ್ದು ಹೋದವನು ಮುಂದಿನ ವಾರ ಬರಲಿಲ್ಲ. ಆಮೇಲೂ ಬರಲಿಲ್ಲ.

'ಬೇಜಾರಾಗಿತ್ತು, ನೆಪ ಸಿಕ್ಕಿತು, ಕೈ ತೊಳೆದುಕೊಂಡ...' ಪದ್ಮಶ್ರೀ ಮಗ್ಗದ ಸದ್ದಿನಲ್ಲಿ ಅತ್ತಳು. ತ್ಯಾಮಗೊಂಡ್ಲಿನ ಸಂಬಂಧ ಬಂದಾಗ ಬೇಡವೆನ್ನಲು ಅವಳ ಬಳಿ ಕಾರಣವೇ ಉಳಿದಿರಲಿಲ್ಲ. ತಲೆಯಾಡಿಸಿಬಿಟ್ಟಳು.

ನಿಶ್ಚಿತಾರ್ಥದ ಮರುವಾರ, ಜರಿ ತಲುಪಿಸಲು ಬಂದ ಯೋಗಾನಂದ ಶೆಡ್ಡಿನ ಬಾಗಿಲಲ್ಲೇ ನಿಂತ. ಮುಖ ಇಳಿದುಹೋಗಿತ್ತು.

"ಆಟಕ್ಕೆ ಯಾಕೆ ಬರ್ಲಿಲ್ಲ?" ಎಂದಳು.

"ಸತ್ತೋನು ಹೆಂಗ್ ಬರ್ಲಿ ಪದ್ಮಾ? ಸತ್ರೆ ಆಟದಿಂದ ಆಚೆ ಅಂದ್ಕೊಂಡಿದ್ದೆ. ಹೊನ್ನಿ ಮುಳುಗಿದ್ರೆ ನೀನು ಆಚೆ ಹೋಗ್ತಿದ್ದೆ... ಭಾನುವಾರ ಬಿಟ್ರೆ ನಿಂಗಿನ್ನೇನಿತ್ತು?"

ನಿನ್ನ ಮುಖ ನೋಡಲೆಂದೇ ಬರುತ್ತಿದ್ದೆ ಎಂದೂ ಹೇಳಿದ.

ಆದರೆ ಆಟದಲ್ಲಿ ಸತ್ತವನು ಮರುವಾರವೇ ಹೊಸ ಹೆಸರಿನಲ್ಲಿ ಬರಬಹುದು. ಅದು ಪುಸ್ತಕದ ಮೊದಲ ಪುಟದಲ್ಲೇ ಇತ್ತು, ಅವಳಿಗೆ ಬಾಯಿಪಾಠವಾಗಿತ್ತು. ಅವನಿಗೂ ಗೊತ್ತಿದೆ ಎಂದುಕೊಂಡು ಮುನಿದು ಕುಳಿತಿದ್ದಳು. ಒಂದು ಮಾತು ಹೇಳಿ ಕಳಿಸಿದ್ದರೆ ಸಾಕಿತ್ತು...

ಉಂಗುರದ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟು, ಅದನ್ನೆಲ್ಲ ಅವನಿಗೆ ಹೇಳಿದಳು.

"ಬಂದಿದ್ರೆ... ಯಾವ ಹೆಸ್ರು ಇಟ್ಕೊತಿದ್ರಿ?"

ಅವನು ಜರಿಯ ಗಂಟನ್ನು ಕೆಳಗಿಟ್ಟ. "ನಂದೇ ಹೆಸ್ರು."

ಆ ಹೆಸರು ಹಿಡಿದು ಕರೆಯುವ ಹಕ್ಕು ಇನ್ನು ಅವಳಿಗಿರಲಿಲ್ಲ. ಆದರೂ ಒಂದೇ ಒಂದು ಸಲ ಕರೆದಳು.

"ಯೋಗಾನಂದ..."

"ಬಂದೆ," ಎಂದ ಅವನು.