ಮೂರನೆಯ ಕಾಲಿನ ಮೆರುಗು

ಮತ್ತೆ ಬೆಳ್ಳಗಾಗಿದೆ... ನಿನ್ನೆ ಸಂಜೆ ಜೇನಿನ ಬಣ್ಣಕ್ಕೆ ಹೊಳೆಯುತ್ತಿದ್ದ ಮರದ ಕಾಲು ಬೆಳಗಾಗುವಷ್ಟರಲ್ಲಿ ಬೂದಿ ಬಳಿದಂತೆ ಮಂಕಾದದ್ದು ಹೇಗೆ? ಸ್ಪಿರಿಟ್ಟಿನಲ್ಲಿ ಅರಗು ಸರಿಯಾಗಿ ಕರಗಿರಲಿಲ್ಲವೇ? ಉಜ್ಜುವ ಬಟ್ಟೆ ತೇವವಾಗಿತ್ತೇ? ಇಲ್ಲವೇ... ಇದು ಅಣ್ಣನಿಗೇ ಇಷ್ಟವಿಲ್ಲವೇ? ಮಾದವನ್ ಆ ಯೋಚನೆಯನ್ನು ಕೊಡವಿಕೊಂಡು ಸ್ಯಾಂಡ್‌ಪೇಪರ್ ಕೈಗೆತ್ತಿಕೊಂಡ.

ಅಣ್ಣ ಪ್ರಭಾಕರನ್ ಬೋಡಿಮೆಟ್ಟು ಬೆಟ್ಟದ ಹಳೆಯ ತೋಟದ ಬಂಗಲೆಯೊಂದರಿಂದ ಹೊತ್ತು ತಂದಿದ್ದ ಹಿತ್ತಾಳೆಯ ದುರ್ಬೀನು ಅದು. ತೇಗದ ಮೂರು ಕಾಲುಗಳಲ್ಲಿ ಎರಡಕ್ಕೆ ಅವನೇ ಹಳೆಯ ಬಣ್ಣ ಕೆರೆದು ಅರಗಿನ ಮೆರುಗು ಕೊಟ್ಟಿದ್ದ. ಮೂರನೆಯದನ್ನು ಕೆರೆದಿಟ್ಟು, ಅದರ ತಿರುಪು ಹುಡುಕಲು ಬೆಟ್ಟಕ್ಕೆ ಹೋದವನು ತಿರುವಿನಲ್ಲಿ ಬೈಕು ಜಾರಿ ಹೆಣವಾಗಿ ಇಳಿದು ಬಂದ! ಎರಡನೆಯ ಕಾಲಿನ ಮೆರುಗಿನಲ್ಲಿ ಅವನ ಹೆಬ್ಬೆರಳ ಗುರುತು ಇನ್ನೂ ಇತ್ತು. ಅರಗಿನ ವಾಸನೆ ಮನೆ ತುಂಬಿದಾಗಲೆಲ್ಲ ಅವನು ಹಿತ್ತಿಲಲ್ಲೇ ಕೂತಿದ್ದಾನೇನೋ ಅನ್ನಿಸುತ್ತಿತ್ತು.

ಸತ್ತವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಒಡಹುಟ್ಟಿದವರು ಮುಗಿಸಬೇಕು, ಅಲ್ಲಿಯವರೆಗೆ ಹೆಂಡತಿ ಊರು ಬಿಡಬಾರದು ಎಂಬುದು ಆ ಮನೆಯ ಕಟ್ಟಳೆ. ಮಾದವನ್ 'ಅಣ್ಣಿ' ಎಂದು ಕರೆಯುವ ಅತ್ತಿಗೆ ಕಲೈಸೆಲ್ವಿಗೆ ದಿಂಡುಕಲ್ಲಿನ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಅವಳ ಪೆಟ್ಟಿಗೆ ಸಿದ್ಧವಾಗಿತ್ತು. ಕಾಲು ಮಾತ್ರ ಸಿದ್ಧವಾಗುತ್ತಿರಲಿಲ್ಲ.

"ಇವತ್ತೂ ಹಂಗೇ ಆಯ್ತಾ, ತಂಬಿ?" ಕಲೈಸೆಲ್ವಿ ಬಾಗಿಲಲ್ಲಿ ನಿಂತು ಕೇಳಿದಳು.

"ಸಾರಲ್ ಅಣ್ಣಿ, ಜಿನುಗು ಮಳೆ... ಗಾಳೀಲೆಲ್ಲ ತ್ಯಾವ. ತ್ಯಾವ ತಾಗಿದ್ರೆ ಅರಗು ಬೆಳ್ಳಗಾಗ್ತದೆ."

"ಸಾರಲ್ ಚಿನ್ನಮನೂರಿಗೆಲ್ಲ ಐತೆ. ಇದೊಂದು ಕಾಲಿಗೇ ಯಾಕೆ? ನಾನು ಹೋಗೋದು ನಿಮ್ಮಣ್ಣಂಗೆ ಬೇಡ..."

"ಯಾಕೆ ಬೇಕು!" ಒಳಗಿನಿಂದ ಅವ್ವ ಮೂಕಮ್ಮಾಳ್ ಗುಡುಗಿದಳು. "ಆಕಾಸ ನೋಡ್ಬೇಕು ಅಂತ ನೀನ್ ತಾನೆ ಕುಣಿಸಿದ್ದು? ನನ್ನ ಮಗನ್ನ ಮಣ್ಣಿಗೆ ಕಳಿಸಿ ಈಗ ಟೀಚರಮ್ಮ ಆಗೋಕೆ ಹೊಂಟವ್ಳೆ! ಹೋಗು, ಯಾರ್ ಹಿಡ್ಕೊಂಡವ್ರೆ?"

"ಅತ್ತೇ..!" ಕಲೈಸೆಲ್ವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಾದವನ್ ಬೆಳ್ಳಗಾದ ಪದರವನ್ನು ಉಜ್ಜಿ ತೆಗೆದ. ಸಂಜೆ ಮತ್ತೆ ಮೆರುಗು ಹಚ್ಚಿದ.

ಮರುದಿನ ನಸುಕಿನಲ್ಲಿ ಹಿತ್ತಿಲ ಬಾಗಿಲು ತೆರೆದವನು ನಿಂತಲ್ಲೇ ನಿಂತ. ಅವ್ವ ತನ್ನ ಒದ್ದೆ ಸೀರೆಯನ್ನು ಆ ಕಾಲಿನ ಸುತ್ತ, ಎಳೆಗೂಸಿಗೆ ಹೊದಿಸುವಂತೆ, ಮೆಲ್ಲಗೆ ಹೊದಿಸುತ್ತಿದ್ದಳು!

"ಅವ್ವಾ! ನೀನಾ..?"

"ಕೂಗ್ಬೇಡ್ಲಾ..." ಮುದುಕಿ ಒದ್ದೆ ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. "ಬೈಯೋಕಾದ್ರೂ ಒಬ್ಳು ಬೇಕಲ್ಲೋ ನಂಗೆ! ಅವ್ಳೂ ಹೋದ್ರೆ ಪ್ರಭಾನ ಹೆಸರು ಯಾರ ಕೂಡೆ ಎತ್ಲಿ? ನೀನಂತೂ ಬಾಯೇ ಬಿಡಲ್ಲ..."

ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಧ್ಯಾಹ್ನದ ಬಿಸಿಲು ಬಿಟ್ಟು, ಗಾಳಿಗೆ ತೇವ ಏರುವ ಸಂಜೆಯನ್ನೇ ತಾನೇಕೆ ಆರಿಸಿಕೊಳ್ಳುತ್ತಿದ್ದೆ? ಅವಳು ಹೋಗುವುದು ತನಗೂ ಬೇಡವಾಗಿತ್ತೇ? ಆ ಪ್ರಶ್ನೆ ಎದೆಯಲ್ಲಿ ಎದ್ದದ್ದೇ ಅವನು ಅವ್ವನ ಮುಖ ನೋಡಲಾರದೆ ಹೋದ. ಒಳಗೆ ಪೆಟ್ಟಿಗೆ ತೆರೆದ ಸದ್ದಾಯಿತು. ಕಲೈಸೆಲ್ವಿ ಮಡಿಸಿಟ್ಟ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದಳು.

"ಬರಲ್ಲ ಅಂತ ಸ್ಕೂಲಿಗೆ ಹೇಳ್ಬಿಡ್ತೀನಿ ತಂಬಿ. ಸತ್ತವ್ರ ಕೂಡೆ ಎಷ್ಟು ಅಂತ ಜಗಳ ಆಡ್ಲಿ..."

ಈಗ ತಾನು ಒಂದು ಮಾತೂ ಆಡದಿದ್ದರೆ ಸಾಕಿತ್ತು. ಅವಳು ಉಳಿಯುತ್ತಿದ್ದಳು... ಬದುಕಿರುವವರೆಗೂ ಸತ್ತವನೊಬ್ಬನಿಗೆ ಹೆದರಿಕೊಂಡು, ಇದೇ ಅಡುಗೆಮನೆಯಲ್ಲಿ!

"ಹೇಳ್ಬೇಡಿ ಅಣ್ಣಿ," ಎಂದ ಮಾದವನ್. "ಇವತ್ತು ಮುಗೀತದೆ."

ಮಧ್ಯಾಹ್ನ ಮೋಡ ಸರಿದಾಗ ಅವನು ಕಾಲನ್ನು ಮಾಳಿಗೆಗೆ ಹೊತ್ತೊಯ್ದು, ಸುಡುವ ನೆಲದಲ್ಲಿ ಕೂತು ಅರಗು ಉಜ್ಜಿದ. ಒದ್ದೆ ಸೀರೆ ಹಿಡಿದು ಅವ್ವ ಮೆಟ್ಟಿಲು ಹತ್ತಿ ಬಂದಳು. ಮಗನನ್ನು ನೋಡಿದಳು. ಸೀರೆಯನ್ನು ಹಿಂಡಿ, ದೂರದ ಹಗ್ಗಕ್ಕೆ ಹಾಕಿ ಇಳಿದು ಹೋದಳು. ಮರ ಜೇನಿನಂತೆ ಹೊಳೆಯಿತು, ಹಾಗೇ ಉಳಿಯಿತು. ಪೇಟೆಯ ತಿರುಪಿನಿಂದ ಅವನು ಅದನ್ನು ಉಳಿದೆರಡು ಕಾಲುಗಳ ಜೊತೆ ಜೋಡಿಸಿದ.

ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಪಂಚೆ ಸುತ್ತಿದ ದುರ್ಬೀನನ್ನು ಕಲೈಸೆಲ್ವಿ ತೊಡೆಯ ಮೇಲಿಟ್ಟುಕೊಂಡಳು.

"ಕಡ್ಡಿ ಆಗ್ಹೋಗಿದ್ದೀಯ, ಅಲ್ಲಾದ್ರೂ ಹೊಟ್ಟೆ ತುಂಬ ತಿನ್ನು!" ಎಂದು ಬೈದು ಮೂಕಮ್ಮಾಳ್ ಮುಖ ತಿರುಗಿಸಿಕೊಂಡಳು.

ಕಿಟಕಿಯಿಂದ ಕಲೈಸೆಲ್ವಿ ಕೇಳಿದಳು: "ನಿಮ್ಮಣ್ಣ ಒಪ್ಕೊಂಡ್ರಾ, ತಂಬಿ?"

"ಒಪ್ಕೊಂಡ, ಅಣ್ಣಿ."

ಬಸ್ಸು ತೇನಿಯ ದಾರಿ ಹಿಡಿಯಿತು. ಮರವನ್ನು ಬೆಳ್ಳಗೆ ಮಾಡಿದ್ದು ಅಣ್ಣನಲ್ಲ, ಅವ್ವನ ಒದ್ದೆ ಸೀರೆ ಎಂದು ಮಾದವನ್ ಹೇಳಲಿಲ್ಲ. ಹೋಗಬೇಡಿ ಎಂದೂ ಅವನು ಹೇಳಲಿಲ್ಲ.