ಎರಡು ನಿರಿಗೆ, ಒಂದು ಬಿಡುವು

೨೦೧೯ರ ಸೆಪ್ಟೆಂಬರ್ ಒಂಬತ್ತು, ಸೋಮವಾರ. ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಕೊರ್ಪಿವಾರ ಪೊಲೀಸ್ ಠಾಣೆಗೆ ಬಂದ ಮುದುಕ ಕಾಲೊರಸಿನ ಮೇಲೆ ಬೂಟುಗಳನ್ನು ಎರಡೆರಡು ಸಲ ಉಜ್ಜಿದ. ಆಮೇಲೆ ಚೀಲದಿಂದ ಒಂದು ಗಾಜಿನ ಭರಣಿ ತೆಗೆದು ಇನ್ಸ್‌ಪೆಕ್ಟರ್ ಎಸ್ಕೊ ತೋಲ್ವನೆನ್ ಅವರ ಮೇಜಿನ ಮೇಲಿಟ್ಟ.

"ಏನಿದು?"

"ಜೇನಂಗೈಯ ಹೊಟ್ಟೆಯೊಳಗೆ ಇದ್ದದ್ದು."

ಪಕ್ಕದ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದ ಕಾನ್‌ಸ್ಟೆಬಲ್ ಸಿರ್ಪ ಲೋಟ ಕೆಳಗಿಟ್ಟಳು.

"ಕರಡಿ ಅನ್ನಿ, ಯಾಲ್ಮರಿ. ಎಫ್‌ಐಆರ್‌ನಲ್ಲಿ ಜೇನಂಗೈ ಅಂತ ಬರೆಯೋಕಾಗಲ್ಲ."

"ನೀವು ಏನಾದ್ರೂ ಬರ್ಕೊಳ್ಳಿ. ನನ್ನ ಬಾಯಲ್ಲಿ ಆ ಹೆಸರು ಬರಲ್ಲ. ಬಂದ್ರೆ ಹಲ್ಲು ಉದುರಿಸ್ತೀನಿ ಅಂದಿದ್ಲು ನಮ್ಮಜ್ಜಿ."

ಆ ಊರಿನ ಅಜ್ಜಿಯರೆಲ್ಲ ಹಾಗೆ ಅಂದವರೇ. ಹೆಸರೆತ್ತಿದರೆ ಅದಕ್ಕೆ ಕೇಳಿಸುತ್ತದೆ, ಕೇಳಿಸಿದರೆ ಬಂದುಬಿಡುತ್ತದೆ.

ದೂರುದಾರ ಯಾಲ್ಮರಿ ಕೆತ್ತುನೆನ್, ವಯಸ್ಸು ಅರವತ್ತೇಳು, ಮರದ ಮಿಲ್ಲಿನ ನಿವೃತ್ತ ಕೆಲಸಗಾರ. ಮೂವತ್ತೊಂದು ವರ್ಷದಿಂದ ಊರಿನ ಬೇಟೆ ಸಂಘದ ಸದಸ್ಯ. ಶನಿವಾರ ಬೆಳಿಗ್ಗೆ ಆರೂವರೆಗೆ ಜೀವಮಾನದ ಮೊದಲ ಕರಡಿಯನ್ನು ಹೊಡೆದಿದ್ದ. ಸಂಘಕ್ಕೆ ಪರವಾನಗಿ ಇತ್ತು. ಕಾಗದಪತ್ರವೆಲ್ಲ ಸರಿಯಾಗಿತ್ತು.

"ಮತ್ತೆ ದೂರು ಯಾರ ಮೇಲೆ?"

"ಗೊತ್ತಿಲ್ಲ. ಕೊಂದಿದ್ದು ನಾನು. ಹೊಟ್ಟೆ ಸೀಳಿದಾಗ ಕಾಡುಹಣ್ಣು ಇರಬೇಕಿತ್ತು, ಇರುವೆ ಇರಬೇಕಿತ್ತು. ಇದ್ದದ್ದು ಓಟ್ಸು, ಮೀನಿನ ಚರ್ಮ, ಬೆಂದ ಹಿಟ್ಟು. ಯಾರೋ ಎರೆ ಹಾಕಿದಾರೆ."

"ಅದು ಬಂದಿದ್ದು ಹೇಗೆ?"

"ಅದೇ ನಂಗೆ ಅರ್ಥ ಆಗ್ತಿಲ್ಲ. ನಾಯಿಗಳು ಬೊಗಳ್ತಿದ್ದದ್ದು ಎರಡು ಕಿಲೋಮೀಟರ್ ಆಚೆ. ಗಾಳಿ ನನ್ನ ಬೆನ್ನ ಹಿಂದೆ. ನನ್ನ ವಾಸನೆ ನೇರವಾಗಿ ಅದರ ಮೂಗಿಗೆ ಹೋಗಿದೆ. ಓಡಿಹೋಗಬೇಕಿತ್ತು. ನಡ್ಕೊಂಡು ಬಂತು. ನಮ್ಮನೆ ದನ ಕೊಟ್ಟಿಗೆಗೆ ಬಂದಹಾಗೆ."

ಎರೆ ಇಟ್ಟು ಕರಡಿ ಹೊಡೆಯುವುದು ಫಿನ್ಲೆಂಡಿನ ಕಾನೂನಿನಲ್ಲಿ ಅಪರಾಧ. ಗಡಿಯಂಚಿನ ಈ ಊರಿನ ಕಣ್ಣಿನಲ್ಲಿ ಅದು ಕಳ್ಳತನಕ್ಕಿಂತ ಕೀಳು. ನಾಯಿ ಬಿಟ್ಟು ಹುಡುಕಬೇಕು, ತಪ್ಪಿಸಿಕೊಳ್ಳಲು ಅದಕ್ಕೂ ಕಾಡಿರಬೇಕು. ಉಣ್ಣುವ ತಟ್ಟೆಯ ಮೇಲೆ ಗುಂಡು ಹೊಡೆದರೆ ಬೇಟೆಯಲ್ಲ.

"ನೀವು ಸುಮ್ಮನಿದ್ದಿದ್ರೆ ಯಾರಿಗೂ ತಿಳೀತಿರಲಿಲ್ಲ," ಎಂದರು ತೋಲ್ವನೆನ್.

"ನಿನ್ನೆ ಇಡೀ ದಿನ ಸುಮ್ಮನಿದ್ದು ನೋಡ್ದೆ. ಬರೋ ಶನಿವಾರ ಮರದ ಕೆಳಗೆ ನಿಂತ್ಕೊಂಡು ಆ ಮಾತು ಹೇಳಬೇಕಲ್ಲ. ಹೇಗೆ ಹೇಳ್ಲಿ?"

ಆ ಮಾತು ಎಲ್ಲರಿಗೂ ಗೊತ್ತಿತ್ತು. ಕರಡಿ ಹಬ್ಬದ ದಿನ ಬುರುಡೆಯನ್ನು ಹಳೆಯ ಪೈನ್ ಮರಕ್ಕೆ ಏರಿಸುವ ಮೊದಲು, ಹೊಡೆದವನು ಅದರ ಕಿವಿಯಿದ್ದ ಜಾಗಕ್ಕೆ ಬಾಗಿ ಊರೆಲ್ಲ ಕೇಳುವಂತೆ ಹೇಳಬೇಕು: ನಾನು ಹುಡುಕಿದೆ, ನೀನು ಸಿಕ್ಕಿದೆ, ಮೋಸವಿಲ್ಲ. ಮಾತು ಸುಳ್ಳಾದರೆ ಆ ಕರಡಿ ಕಾಡಿನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೂವತ್ತೊಂದು ಶರತ್ಕಾಲ ಯಾಲ್ಮರಿ ಬೇರೆಯವರ ಬಾಯಲ್ಲಿ ಆ ಮಾತು ಕೇಳಿ ಚಪ್ಪಾಳೆ ತಟ್ಟಿದ್ದ.

ಒಂಬತ್ತು ಗಂಟೆಗೆ ದೂರು ದಾಖಲಾಯಿತು. ಭರಣಿ ಪ್ರಯೋಗಾಲಯಕ್ಕೆ ಹೋಯಿತು.

ಹತ್ತು ನಲವತ್ತಕ್ಕೆ ಸಂಘದ ಮುಖಂಡ ಔಲಿಸ್‌ನ ವಿಚಾರಣೆ. ಅವನು ಅಂಗಳದಲ್ಲಿ ನಾಯಿಗಳಿಗೆ ಊಟ ಹಾಕುತ್ತಿದ್ದ.

"ಎರೆನಾ? ನಮ್ಮ ಸಂಘದಲ್ಲಾ? ಯಾರ್ರೀ ಆ ಬೇವರ್ಸಿ ದೂರು ಕೊಟ್ಟಿದ್ದು?"

"ಯಾಲ್ಮರಿ."

ಔಲಿಸ್‌ನ ಕೈಯಲ್ಲಿದ್ದ ಬಟ್ಟಲು ಹಾಗೇ ನಿಂತಿತು. "ಹೊಡೆದವನೇನಾ?"

"ಅವರವರ ನಿಲುಗಡೆ ಜಾಗ ಯಾರು ಗೊತ್ತು ಮಾಡ್ತಾರೆ?" ಎಂದು ಕೇಳಿದರು ತೋಲ್ವನೆನ್.

"ಯಾರೂ ಮಾಡಲ್ಲ. ಜೌಗಿನ ದಕ್ಷಿಣಕ್ಕೆ ದೊಡ್ಡ ಬಂಡೆ ಇದೆಯಲ್ಲ, ಅದು ಮೊದಲಿಂದ್ಲೂ ಯಾಲ್ಮರಿದು. ಅಲ್ಲಿಗೆ ಯಾವತ್ತೂ ಏನೂ ಬಂದಿದ್ದಿಲ್ಲ. ಅದಕ್ಕೆ ನಾವು ಅವನ ಪಿಂಚಣಿ ಬೆಂಚು ಅಂತೀವಿ."

ನಾಯಿಗಳ ಜಿಪಿಎಸ್ ಕೊರಳಪಟ್ಟಿಯ ದಾಖಲೆಯನ್ನು ಸಿರ್ಪ ಫೋನಿನಲ್ಲಿ ತೆರೆಸಿ ನೋಡಿದಳು. ಬೇಸಗೆಯ ಅಭ್ಯಾಸದ ದಿನಗಳಲ್ಲೂ ನಾಯಿಗಳಾಗಲಿ ಅವುಗಳ ಹಿಂದೆ ಹೋದ ಸಂಘದವರಾಗಲಿ ಆ ಬಂಡೆಯ ಕಡೆ ಸುಳಿದಿರಲಿಲ್ಲ.

ಮಧ್ಯಾಹ್ನ ಒಂದು ಹತ್ತಕ್ಕೆ ಸ್ಥಳ ಮಹಜರು. ಪಂಚರು ಇಬ್ಬರು, ಔಲಿಸ್ ಮತ್ತು ಯಾಲ್ಮರಿ. ಬಂಡೆಯಿಂದ ನಲವತ್ತು ಹೆಜ್ಜೆ ದೂರದಲ್ಲಿ ಬುಡಮೇಲಾದ ಸ್ಪ್ರೂಸ್ ಮರವೊಂದು ಬಿದ್ದಿತ್ತು. ಅದರ ಬೇರಿನ ಮರೆಯಲ್ಲಿ ನೆಲ ತುಳಿದು ತುಳಿದು ಹಸಿರು ಕಳೆದುಕೊಂಡಿತ್ತು. ಓಟ್ಸಿನ ಹೊಟ್ಟು, ಮೀನಿನ ಮುಳ್ಳು, ಬಕೆಟ್ಟಿನ ಅಡಿಯ ದುಂಡನೆ ಗುರುತು. ಪಕ್ಕದ ಕಲ್ಲಿನ ಮೈಮೇಲೆಲ್ಲ ಉಗುರಿನ ಗೀರು. ಸಂದಿಯೊಳಗೆ ಬಿದ್ದ ಏನನ್ನೋ ತೆಗೆಯಲು ಕರಡಿ ದಿನಗಟ್ಟಲೆ ಹೆಣಗಿದಂತಿತ್ತು. ದಪ್ಪ ಪಂಜಕ್ಕೆ ಎಟುಕದ್ದು ಸಿರ್ಪಳ ತೆಳು ಕೈಗೆ ಎಟುಕಿತು.

ಒಂದು ಕಡುಬು. ರೈ ಧಾನ್ಯದ ಹಿಟ್ಟಿನ ತೆಳು ಹಾಳೆಯೊಳಗೆ ಅನ್ನದ ಗಂಜಿ, ಸುತ್ತ ಬೆರಳಿನಿಂದ ಹಿಡಿದ ನಿರಿಗೆ. ಒಣಗಿ ಕಲ್ಲಾಗಿತ್ತು, ಆಕಾರ ಮಾತ್ರ ಕೆಟ್ಟಿರಲಿಲ್ಲ. ಸಿರ್ಪ ಅದನ್ನು ಬೆಳಕಿಗೆ ಹಿಡಿದಳು. ಕಡುಬಿನ ಅಂಚು ಹೆಂಗಸಿನ ರುಜು ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಇದರಲ್ಲಿ ಎರಡು ನಿರಿಗೆ, ಒಂದು ಬಿಡುವು. ಮತ್ತೆ ಎರಡು ನಿರಿಗೆ, ಒಂದು ಬಿಡುವು.

"ಹೆಬ್ಬೆರಳು ಸರಿಯಾಗಿ ಮಡಚೋಕಾಗದವರು ಹಿಡಿದಿದ್ದು," ಎಂದಳು.

"ಇಲ್ಲಿ ಕೊಡಮ್ಮ. ನನ್ನ ಕಣ್ಣು ಈಗ ಅಷ್ಟು ಸರಿಯಿಲ್ಲ," ಎಂದ ಯಾಲ್ಮರಿ.

ಅವನು ಪ್ಲಾಸ್ಟಿಕ್ ಚೀಲದ ಮೇಲಿನಿಂದಲೇ ಅಂಚಿನ ಸುತ್ತ ಬೆರಳಾಡಿಸಿದ. ಒಂದು ಸುತ್ತು ಮುಗಿಯಿತು. ಇನ್ನೊಂದು ಸುತ್ತು ಬಂದ. ಆಮೇಲೆ ಟೊಪ್ಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ತೋಲ್ವನೆನ್ ಅವನನ್ನು ಪಕ್ಕಕ್ಕೆ ಕರೆದರು. "ಯಾರದು?"

"ಕೇಳಬೇಡಿ." ಎರಡು ಹೆಜ್ಜೆ ಆಚೆ ಹೋಗಿ ತಿರುಗಿ, "ಇಲ್ಲ, ಕೇಳಿ. ದೂರು ಕೊಟ್ಟವನು ನಾನೇ ಅಲ್ವಾ? ಮೂವತ್ತೆಂಟು ವರ್ಷದಿಂದ ಅದನ್ನೇ ತಿಂತಿದೀನಿ."

ಮಹಜರಿಗೆ ಸಹಿ ಹಾಕಿದ. ಸಮಯ ಎರಡು ಐದು.

ಮೂರು ಗಂಟೆಗೆ ಅವನ ಮನೆ. ಹೆಂಡತಿ ಹಿಲ್ಕ ಒಲೆಯ ಮುಂದಿದ್ದಳು. ಬಲಗೈ ಹೆಬ್ಬೆರಳು ನೆಟ್ಟಗೆ ನಿಂತೇ ಇತ್ತು. ಮಿಲ್ಲಿನ ಪಟ್ಟಿಗೆ ಸಿಕ್ಕಿದ ಹಳೆಯ ಪೆಟ್ಟು ಅದು. ಪೊಲೀಸರನ್ನು ಕಂಡು ಕಾಫಿಗೆ ನೀರಿಟ್ಟಳು. ಸಿರ್ಪ ಚೀಲವನ್ನು ಮೇಜಿನ ಮೇಲಿಟ್ಟಾಗ ನೀರು ಕೆಳಗಿಳಿಸಿದಳು.

"ಅದೊಂದು ಉಳಿದುಬಿಡ್ತಾ?"

"ಯಾವತ್ತಿಂದ ಹಾಕ್ತಿದ್ರಿ?"

"ಜುಲೈ ನಡುವಿಂದ. ಹಣ್ಣು ಆಯೋಕೆ ಹೋಗ್ತೀನಿ ಅಂತ ಹೇಳಿ ಹೋಗ್ತಿದ್ದೆ. ಎರಡು ಬಕೆಟ್ಟು."

"ಯಾರಾದ್ರೂ ಹೇಳಿಕೊಟ್ರಾ?"

"ಹಸಿದೋರಿಗೆ ಊಟ ಹಾಕೋದನ್ನ ನಂಗೆ ಯಾರಪ್ಪ ಹೇಳಿಕೊಡಬೇಕು?"

"ಯಾಕೆ ಹಾಕಿದ್ರಿ?"

ಅವಳು ಗಂಡನ ಕಡೆ ನೋಡಲಿಲ್ಲ. "ಏಪ್ರಿಲ್‌ನಲ್ಲಿ ಡಾಕ್ಟರ್ ಕಾಗದ ಬಂತು. ಇವನು ಅದನ್ನ ಸೌನಾ ಬಚ್ಚಲಿನ ಸೌದೆ ಕೆಳಗೆ ಬಚ್ಚಿಟ್ಟ. ಸೌದೆ ತರೋಳು ನಾನು ಅನ್ನೋದೇ ಮರೆತಿದ್ದ. ಕಣ್ಣಿನ ನಡುಭಾಗ ಹೋಗ್ತಿದೆಯಂತೆ. ಈ ಶರತ್ಕಾಲ ಮುಗಿದ್ರೆ ಬಂದೂಕು ವಾಪಸ್ ಕೊಡಬೇಕು. ಮೂವತ್ತೊಂದು ವರ್ಷ ಆ ಬಂಡೆ ಹತ್ರ ಸೊಳ್ಳೆ ಕಚ್ಚಿಸ್ಕೊಂಡು ಬಂದು, ಸಾರು ಕುಡಿದು ಮಲಗಿದಾನೆ. ಸೊಳ್ಳೆಗಳಿಗೆ ಇವನೇ ಎರೆ. ಒಂದೇ ಒಂದು ಸಲ ಆ ಮರದ ಕೆಳಗೆ ಇವನ ಬಾಯಲ್ಲಿ ಆ ಮಾತು ಬರಲಿ ಅಂತ."

"ನಾನು ಕೇಳಿದ್ನಾ?" ಯಾಲ್ಮರಿ ಬಾಗಿಲಲ್ಲೇ ನಿಂತಿದ್ದ.

"ನೀನು ಯಾವತ್ತು ಏನು ಕೇಳಿದೀಯ? ಮೋಸ ಮಾಡಿದ್ದು ನಾನು, ನೀನಲ್ಲ. ಹೋಗಿ ಆ ಮಾತು ಧೈರ್ಯವಾಗಿ ಹೇಳು."

"ಒಂದೇ ಮನೆ ಕಣೆ, ಹಿಲ್ಕ."

"ಒಂದೇ ಮನೆ ಅಂತಾದ್ರೆ ಠಾಣೆಗೆ ಹೋಗೋ ಮುಂಚೆ ನನ್ನ ಕೇಳಬಹುದಿತ್ತಲ್ಲ."

"ಹೋದಾಗ ಗೊತ್ತಿರಲಿಲ್ಲ."

"ಗೊತ್ತಾದ ಮೇಲೆ?"

ಒಲೆಯಲ್ಲಿ ಸೌದೆ ಸಿಡಿಯಿತು.

ತೋಲ್ವನೆನ್ ಕಡೆಯ ಪ್ರಶ್ನೆ ಕೇಳಿದರು. "ಆ ಕರಡಿಗೆ ನಿಮ್ಮ ಭಯ ಇರಲಿಲ್ವಾ?"

"ಮೊದಮೊದಲು ಮರದ ಆಚೆ ನಿಲ್ಲೋದು. ಆಗಸ್ಟ್‌ನಲ್ಲಿ ವಾಸನೆ ಸಿಕ್ಕಿದ ಕೂಡಲೇ ಎದ್ದು ಬರೋದು, ಪಾಪ. ಸಂಜೆ ಚಳಿ ಇರೋದಲ್ವಾ, ಇವನ ಕೋಟು ಹಾಕ್ಕೊಂಡು ಹೋಗ್ತಿದ್ದೆ."

ಬಾಗಿಲ ಹಿಂದಿನ ಮೊಳೆಯಲ್ಲಿ ಕಂದು ಬಣ್ಣದ ಕೋಟು ತೂಗುತ್ತಿತ್ತು. ಶನಿವಾರ ಬೆಳಿಗ್ಗೆ ಯಾಲ್ಮರಿ ತೊಟ್ಟುಕೊಂಡು ಹೋಗಿದ್ದ ಕೋಟು. ಇಬ್ಬರು ಗಂಡಸರೂ ಅದನ್ನೇ ನೋಡಿದರು. ಹಿಲ್ಕ ಮಾತ್ರ, ತಾನೇನು ಹೇಳಿದೆ ಎಂಬುದು ಹೊಳೆಯದೆ, ಏಪ್ರನ್ನಿನ ಗಂಟು ಬಿಚ್ಚುತ್ತಿದ್ದಳು.

ಮೂರು ಐವತ್ತಕ್ಕೆ ಆಕೆಯನ್ನು ದಸ್ತಗಿರಿ ಮಾಡಲಾಯಿತು. ತಪ್ಪೊಪ್ಪಿಗೆ ಹೇಳಿಕೆ ಒಂದೂವರೆ ಪುಟ. ಕಾರಣ ಎಂಬ ಕಡೆ ತೋಲ್ವನೆನ್ ಬಹಳ ಹೊತ್ತು ಪೆನ್ನು ಹಿಡಿದು ಕೂತು, "ಗಂಡನ ಕಣ್ಣು ಆರುವ ಮುಂಚೆ" ಎಂದಷ್ಟೇ ಬರೆದರು. ಮಾರನೆಯ ದಿನ ಬಿಡುಗಡೆಯಾಯಿತು. ಪ್ರಕರಣ ನ್ಯಾಯಾಲಯಕ್ಕೆ ಹೋಗಬೇಕಿತ್ತು. ಗುಂಡು ಹೊಡೆದವನಿಗೆ ಎರೆಯ ವಿಷಯ ತಿಳಿದಿರಲಿಲ್ಲವಾದ್ದರಿಂದ ಅವನ ಮೇಲೆ ಆರೋಪವಿಲ್ಲ. ಚರ್ಮ ಮತ್ತು ಬುರುಡೆ ಜಪ್ತಿ. ಶನಿವಾರದ ಹಬ್ಬ ರದ್ದು.

ಸೆಪ್ಟೆಂಬರ್ ಹದಿಮೂರು, ಶುಕ್ರವಾರ, ಬೆಳಿಗ್ಗೆ ಒಂಬತ್ತಕ್ಕೆ ಯಾಲ್ಮರಿ ಮತ್ತೆ ಬಂದ. ಹೊರಗೆ ವರ್ಷದ ಮೊದಲ ಇಬ್ಬನಿ ಹೆಪ್ಪುಗಟ್ಟಿತ್ತು. ಬುರುಡೆಯನ್ನು ಒಂದು ಸಲ ನೋಡಬಹುದೇ ಎಂದು ಕೇಳಿದ. ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ತೋಲ್ವನೆನ್ ಕೀಲಿಯನ್ನು ಸಿರ್ಪಳ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿದರು.

ಮುದ್ದೆಮಾಲು ಕೋಣೆಯ ರಟ್ಟಿನ ಡಬ್ಬಿಯ ಮೇಲೆ ಯಾಲ್ಮರಿ ಬಾಗಿದ. ಮಬ್ಬು ಕಣ್ಣಿಗೆ ಕಾಣದೆ, ಕಿವಿಯಿದ್ದ ಜಾಗವನ್ನು ಬೆರಳಿನಿಂದ ತಡವಿ ಹುಡುಕಿದ.

"ನಾನು ಹುಡುಕಲಿಲ್ಲ," ಎಂದ. "ಊಟಕ್ಕೆ ಕರೆದ್ರು ಅಂತ ಬಂದೆ ನೀನು. ಮೋಸ ಇತ್ತು."

ಆಮೇಲೆ ಮೈಮೇಲಿದ್ದ ಕಂದು ಕೋಟು ಕಳಚಿ ಮಡಚಿ ಸಿರ್ಪಳ ಮುಂದಿಟ್ಟ. "ಇದನ್ನೂ ಬರ್ಕೊಳ್ಳಮ್ಮ."

ವಸ್ತು ಸಂಖ್ಯೆ ಏಳು, ಹಳೆಯ ಕೋಟು ಒಂದು, ಎಂದು ಸಿರ್ಪ ಬರೆದಳು.

ಅವನು ಬರೀ ಅಂಗಿಯಲ್ಲಿ ಹೊರಗೆ ಹೋದ. ರಸ್ತೆಯಂಚಿನ ಕಾರಿನಲ್ಲಿ ಹಿಲ್ಕ ಸ್ಟಿಯರಿಂಗ್ ಹಿಡಿದು ಕೂತಿದ್ದಳು. ಅವನನ್ನು ಕಂಡು ಬಾಗಿ ತನ್ನ ಪಕ್ಕದ ಬಾಗಿಲು ತೆರೆದಳು. ಯಾಲ್ಮರಿ ಅದನ್ನು ಮೆಲ್ಲಗೆ ಮುಚ್ಚಿ, ಹಿಂದಿನ ಸೀಟಿಗೆ ಹತ್ತಿದ.