ರಾತ್ರಿ ಎರಡರ ಪಾಳಿ

ಟಿಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಣ್.

ಸರಿರಾತ್ರಿಯಲ್ಲಿ ಪಂಚಶೀಲಾ ಎದ್ದು ಕೂತಳು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ತಂತಿಯ ಕೊಕ್ಕೆ ಗಾಳಿಗೆ ಪೈಪಿಗೆ ಬಡಿಯುತ್ತಿತ್ತು, ಅಷ್ಟೇ. ಆದರೆ ಅರೆನಿದ್ದೆಯಲ್ಲಿ ಆಕೆಯ ಕಾಲು ಆಗಲೇ ಮಂಚದ ಕೆಳಗೆ ರಬ್ಬರ್ ಬೂಟು ಹುಡುಕತೊಡಗಿತ್ತು. ಎರಡು ಗಂಟೆಯಾಯಿತು, ನನ್ನ ಪಾಳಿ, ಮೇಲೆ ಹೋಗಬೇಕು ಎಂದು ಮನಸ್ಸು ಅವಸರಿಸಿತ್ತು.

ಪಕ್ಕದಲ್ಲಿ ದಿಲೀಪ ಮಗ್ಗುಲು ಬದಲಿಸಿದ. ಆಕೆ ಕತ್ತಲಲ್ಲೇ ನಕ್ಕಳು. ಕಲಬುರಗಿಯಿಂದ ಸಮುದ್ರ ಅದೆಷ್ಟು ದೂರ! ಹೋಗಿಬಂದು ಎರಡು ವರ್ಷವಾದರೂ ಒಂದು ಕೊಕ್ಕೆಯ ಸದ್ದಿಗೆ ಅದು ಮಾಳಿಗೆಯ ತನಕ ಬರುತ್ತದೆ.

ಸಮುದ್ರಕ್ಕೆ ಹೋದ ಆ ಜನವರಿಯಲ್ಲಿ ಅವರ ಮದುವೆಗೆ ಮೂರು ವರ್ಷ ತುಂಬಿತ್ತು. ದಿಲೀಪ ಕಮಲಾಪುರದ ಹೈಸ್ಕೂಲಿನಲ್ಲಿ ಮೇಷ್ಟ್ರು. ಪಂಚಶೀಲಾಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಬ್ಯಾಂಕಿನಲ್ಲಿ ಕೆಲಸ. ಅವಳ ತವರೂ ಕಮಲಾಪುರವೇ ಆದದ್ದರಿಂದ ದಿಲೀಪನ ಮಧ್ಯಾಹ್ನದ ಊಟ ಅತ್ತೆ ಕಸ್ತೂರಿಬಾಯಿಯ ಮನೆಯಲ್ಲಿ.

"ನಿನ್ನ ಗಂಡ ಊಟಕ್ಕ ಕುಂತ್ರ ಮಾತೇ ಮಾತು. ನಗಿಸಿ ನಗಿಸಿ ಸಾಯಸ್ತಾನ ನೋಡವ್ವ," ಎಂದು ತಾಯಿ ಫೋನಿನಲ್ಲಿ ಹೇಳುವಳು.

ಸಂಜೆ ಮನೆಗೆ ಬಂದರೆ ಅದೇ ದಿಲೀಪ "ಹೂಂ" ಅನ್ನುವನು. ಇಲ್ಲವೇ "ಉಹುಂ". ಪಂಚಶೀಲಾ ಎಲ್ಲವನ್ನೂ ಗಮನಿಸುವ ಹೆಣ್ಣು. ಮೌನ ಅವನ ಸ್ವಭಾವವಾಗಿದ್ದರೆ ಸಹಿಸಬಹುದಿತ್ತು. ಅದು ತನಗೊಬ್ಬಳಿಗೇ ಮೀಸಲು ಎಂದು ತಿಳಿದ ಮೇಲೆ ಅವಳು ಯಾರಿಗೂ ಹೇಳದೆ ಮೈಸೂರಿಗೆ ವರ್ಗಾವಣೆ ಕೇಳಿ ಅರ್ಜಿ ಹಾಕಿದಳು. ಆರ್ಡರ್ ಬಂದಾಗ ತಾಯಿಗೆ ಮಾತ್ರ ಹೇಳಿದಳು. ತಿಂಗಳ ಕೊನೆಯೊಳಗೆ ಒಪ್ಪಿಗೆ ಬರೆದುಕೊಡಬೇಕಿತ್ತು.

ಅದೇ ವಾರ ದಿಲೀಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಹೇಳಿದ, "ಪರ್ವೇಜ್ ಚಾಚಾ ಕರ್ಯಾಕತ್ತಾರ. ಗೋವಾದಿಂದ ಕೊಚ್ಚಿತನಕ ಬೋಟ್ ಒಯ್ಯಬೇಕಂತ. ನಾಕ್ ದಿನ. ಬರ್ತೀ?"

ಆ ವಾರ ಅವನ ಬಾಯಿಂದ ಬಂದ ಅತಿ ಉದ್ದದ ಮಾತು ಅದು. ಪರ್ವೇಜ್ ಚಾಚಾ ಅವನ ತಂದೆಯ ಗೆಳೆಯರು. ಮೂವತ್ತು ವರ್ಷ ಹಡಗಿನಲ್ಲಿ ದುಡಿದು, ನಿವೃತ್ತರಾದ ಮೇಲೆ ಗೋವಾದಲ್ಲಿ ಹಳೆಯ ಹಾಯಿದೋಣಿಯೊಂದನ್ನು ಇಟ್ಟುಕೊಂಡಿದ್ದರು. ಜತೆಗೆ ಕೆಲಸಕ್ಕೆ ಇಬ್ಬರು ಬೇಕಿತ್ತು.

ಇದೇ ಕೊನೆಯ ಪ್ರಯಾಣ ಎಂದುಕೊಂಡು ಅವಳು ಹೂಂ ಅಂದಳು.

ಚಾಚಾ ದಡದಲ್ಲೇ ಎರಡು ದಿನ ಹಗ್ಗ, ಹಾಯಿ, ದಿಕ್ಸೂಚಿ ಕಲಿಸಿದರು. ಆಮೇಲೆ ರಾತ್ರಿಯ ಪಾಳಿ ಹಂಚಿದರು. ಹತ್ತರಿಂದ ಎರಡು ದಿಲೀಪ, ಎರಡರಿಂದ ಆರು ಪಂಚಶೀಲಾ.

"ಗಂಡ ಹೆಂಡ್ತಿ ಒಂದೇ ಪಾಳಿ ಇಲ್ಲ. ಮಾತಾಡ್ಕೋತ ಕುಂತ್ರ ಸಮುದ್ರ ನೋಡೋರ್ಯಾರು?"

ಮಾತು! ಪಂಚಶೀಲಾ ತುಟಿ ಕಚ್ಚಿಕೊಂಡಳು. ದಿಲೀಪ ಒಮ್ಮೆ ಅವಳ ಕಡೆ ನೋಡಿ, ಕೈಲಿದ್ದ ಹಗ್ಗದ ಗಂಟನ್ನು ಸುಮ್ಮನೆ ಬಿಚ್ಚಿ ಮತ್ತೆ ಹಾಕಿದ.

ಚಾಚಾ ಇನ್ನೊಂದು ನಿಯಮವನ್ನೂ ಹೇಳಿದ್ದರು. ಪಾಳಿ ಬಿಡುವವರು ನಾಲ್ಕು ಸಂಗತಿ ಬಾಯಿಬಿಟ್ಟು ಹೇಳಬೇಕು. ದೋಣಿಯ ದಿಕ್ಕು, ಗಾಳಿ, ಕಂಡ ದೀಪಗಳು, ಹಾಯಿಯ ಸ್ಥಿತಿ. ಬಂದವರು ಒಂದೂ ಬಿಡದೆ ಅದನ್ನು ತಿರುಗಿ ಒಪ್ಪಿಸಬೇಕು. ಒಪ್ಪಿಸುವ ತನಕ ಮೊದಲಿನವರು ಚುಕ್ಕಾಣಿಯಿಂದ ಕೈ ತೆಗೆಯುವಂತಿಲ್ಲ.

ಮೊದಲ ರಾತ್ರಿ ಅವಳು ನಿದ್ದೆಗಣ್ಣಲ್ಲಿ ಮೇಲೆ ಬಂದು, ನೀರಿಗೆ ಬೀಳದಂತೆ ಸೊಂಟದ ಪಟ್ಟಿಯನ್ನು ದೋಣಿಯ ಕೊಂಡಿಗೆ ಸಿಕ್ಕಿಸಿ, ಚುಕ್ಕಾಣಿ ಹಿಡಿದಳು. ಅವನ ಅಂಗೈ ಪಕ್ಕದಲ್ಲೇ ಇತ್ತು, ತಣ್ಣಗೆ, ಉಪ್ಪುಪ್ಪಾಗಿ.

"ದಿಕ್ಕು ನೂರಾ ಅರವತ್ತು ಡಿಗ್ರಿ. ಗಾಳಿ ದಡದ ಕಡಿಂದ, ಸಣ್ಣಗದ. ಎಡಕ್ಕ ಊರಿನ ದೀಪ, ಮುಂದ ಮೀನಿನ ಬೋಟ್ ಎರಡು. ಹಾಯಿ ಬರೋಬರಿ ಅದ." ಸ್ವಲ್ಪ ತಡೆದು, "ಐದನೇದು, ಡಬ್ಬಿಯೊಳಗಿನ ಶೇಂಗಾ ಹೋಳಿಗಿ ಖಾಲಿ ಆಗ್ಯಾವ."

ಅವಳು ನಾಲ್ಕನ್ನು ಒಪ್ಪಿಸಿ ನಿಂತಳು.

"ಐದನೇದು?"

"ಅದೂ ಹೇಳ್ಬೇಕೇನ್ರೀ?"

"ನಿಯಮ."

"ಶೇಂಗಾ ಹೋಳಿಗಿ ಖಾಲಿ ಆಗ್ಯಾವ. ಎಲ್ಲಾ ನೀವೇ ತಿಂದೀರಿ."

"ಆ ಕಡೀ ಮಾತು ನಾ ಹೇಳಿಲ್ಲ," ಎಂದು ಅವನು ಕೈ ತೆಗೆದು ಕೆಳಗಿಳಿದ. ಹೋಗುವಾಗ ಅವನು ನಗುತ್ತಿದ್ದನೆಂದು ಅವಳಿಗೆ ಬೆನ್ನು ನೋಡಿಯೇ ತಿಳಿಯಿತು.

ಎರಡನೆಯ ರಾತ್ರಿ ಐದನೆಯ ಸಂಗತಿ, "ನಿನ್ನ ಕೂದಲಾಗ ಉಪ್ಪು ಕುಂತದ. ಹಗಲಾಗ ನೋಡಿದ್ರ ಚಿಕ್ಕಿ ಬಿದ್ದಂಗ ಹೊಳೀತಿತ್ತು."

ಅವಳು ಐದನ್ನೂ ಒಪ್ಪಿಸಿದಳು. ಆ ನಾಲ್ಕು ತಾಸು ಕತ್ತಲ ನೀರನ್ನು ನೋಡುತ್ತ, ಕೈ ತಾನಾಗಿ ಕೂದಲಿನ ಆ ನಕ್ಷತ್ರಗಳಿಗೆ ಹೋಗಿಬರುತ್ತಿತ್ತು. ಹಗಲೆಲ್ಲ ಚಾಚಾ ಮುಂದೆ ಅವನು ಅವಳಿಗೆ ಮತ್ತೆ ಹೂಂ, ಉಹುಂ. ಅವಳು ಗಡಿಯಾರ ನೋಡುವಳು. ರಾತ್ರಿ ಎರಡಕ್ಕೆ ಇನ್ನೂ ಹನ್ನೊಂದು ತಾಸು, ಇನ್ನೂ ಒಂಬತ್ತು.

ಮೂರನೆಯ ರಾತ್ರಿ ಅವನು ಎಬ್ಬಿಸುವ ಮೊದಲೇ ಅವಳು ಬೂಟು ಹಾಕಿಕೊಂಡು ಕೂತಿದ್ದಳು. ಮೇಲೆ ಹಗ್ಗದ ಕೊಂಡಿಯೊಂದು ಹಾಯಿಯ ಕಂಬಕ್ಕೆ ಟಿಣ್, ಟಿಣ್ ಎಂದು ಸಣ್ಣಗೆ ಬಡಿಯುತ್ತಿತ್ತು. ದಿಲೀಪ ನಾಲ್ಕು ಸಂಗತಿಯನ್ನು ಅವಸರದಲ್ಲಿ ಹೇಳಿ ಮುಗಿಸಿದ.

"ಐದನೇದು. ಮೈಸೂರಿನ ಆರ್ಡರ್ ಬಂದದಂತ ನಂಗ ಗೊತ್ತದ."

ಅವಳ ಬೆರಳು ಚುಕ್ಕಾಣಿಯ ಮೇಲೆ ಬಿಗಿಯಿತು. "ಯಾರು ಹೇಳಿದ್ರು?"

"ನಿಮ್ಮವ್ವ. ರೊಟ್ಟಿ ಬಡಿಕೋತ ಹೇಳಿಬಿಟ್ರು. ಆಮ್ಯಾಲ ನಾಲಿಗಿ ಕಚ್ಕೊಂಡ್ರು, ಖರೆ. ಅದಕ್ಕೇ ಚಾಚಾಗ ಹೂಂ ಅಂದೆ. ನಾಕ್ ದಿನ ಒಂದೇ ಬೋಟಿನ್ಯಾಗ ಇದ್ರ ಹ್ಯಾಂಗರ ಬಾಯಿ ಬಿಡ್ತೀನಿ ಅನ್ಕೊಂಡಿದ್ದೆ. ಅವ್ರು ನೋಡಿದ್ರ ಪಾಳಿ ಹಚ್ಚಿಬಿಟ್ರು."

"ಅವ್ವನ ಜೋಡಿ ಅಷ್ಟು ಮಾತಾಡ್ತೀರಿ. ನನ್ನ ಜೋಡಿ ಏನಾಗ್ತದ್ರೀ ನಿಮಗ?"

"ಅಂಜಿಕಿ ಆಗ್ತದ." ಅವನು ದಡದ ದೀಪಗಳ ಕಡೆ ತಿರುಗಿದ. "ನೀ ಒಂದೊಂದ್ ಮಾತೂ ತೂಗಿ ಆಡಾಕಿ. ನಂದು ತೂಕ ಕಮ್ಮಿ ಬಿದ್ರ? ದಿನಾ ಸಂಜಿ ಬಸ್ಸಿನ್ಯಾಗ, ನಿಂಗ ಏನ್ ಹೇಳ್ಬೇಕಂತ ಜೋಡಿಸ್ಕೋತ ಬರ್ತೀನಿ. ನೀ ಬಾಗ್ಲಾ ತೆಗದ ಕೂಡ್ಲೇ ಎಲ್ಲಾ ಮರತ್ಹೋಗ್ತದ. ಇಲ್ಲಿ ಕತ್ತಲದಾಗ ನಿನ್ನ ಮಾರಿ ಕಾಣಲ್ಲ, ಅದಕ್ಕ ಹೇಳಾಕತ್ತೀನಿ. ಹೋಗಬ್ಯಾಡ ಅನ್ನಲ್ಲ. ಆದ್ರ ನೀ ಮನ್ಯಾಗ ಇಲ್ಲಂದ್ರ ಆ ಬಸ್ ನಾ ಯಾಕ ಹತ್ಲಿ, ಪಂಚೂ?"

ನೀರು ದೋಣಿಯ ಪಕ್ಕವನ್ನು ಸವರಿಕೊಂಡು ಹೋಯಿತು.

"ಈಗ ತಿರುಗಿ ಒಪ್ಸು," ಅಂದ.

ದಿಕ್ಕು, ಗಾಳಿ, ದೀಪ, ಹಾಯಿ. ನಾಲ್ಕನ್ನು ಹೇಳಿ ಅವಳು ಅಲ್ಲಿಗೇ ನಿಲ್ಲಿಸಿದಳು.

"ಐದನೇದು ಹೇಳ್ದಿದ್ರ ನಾ ಕೈ ತೆಗಿಯಂಗಿಲ್ಲ."

"ತೆಗಿಬ್ಯಾಡ್ರಿ," ಅಂದಳು ಪಂಚಶೀಲಾ.

ಮೂರು ವರ್ಷದ ಬಸ್ಸುಗಳೆಲ್ಲ ಆ ರಾತ್ರಿ ಒಂದರ ಹಿಂದೆ ಒಂದು ಬಂದು ನಿಂತವು. ಹೇಳಲೆಂದು ಜೋಡಿಸಿಟ್ಟು ಮರೆತದ್ದನ್ನೆಲ್ಲ ಅವನು ಹೇಳಿದ. ಬಾಗಿಲು ತೆಗೆಯುವ ಮೊದಲು ತಾನು ಕನ್ನಡಿ ನೋಡಿಕೊಳ್ಳುತ್ತಿದ್ದುದನ್ನು ಅವಳೂ ಹೇಳಿದಳು. ಅವನು ನಂಬಲಿಲ್ಲ. ಅವಳು ಆಣೆ ಮಾಡಿದಳು. ನಗು, ಸ್ವಲ್ಪ ಅಳು, ಮತ್ತೆ ನಗು. ದಿಕ್ಸೂಚಿಯನ್ನು ಇಬ್ಬರೂ ನೋಡಲಿಲ್ಲ.

ಆರಕ್ಕೆ ಮೇಲೆ ಬಂದ ಚಾಚಾ ಕಣ್ಣುಜ್ಜಿಕೊಂಡರು. ನಾಲ್ಕೂ ಕಡೆ ಬರಿಯ ನೀರು.

"ಯಾ ಅಲ್ಲಾ! ದಡ ಎಲ್ಲದ? ಅರಬಸ್ತಾನಕ್ಕ ಹೊಂಟೀರೇನು?"

ದಿಲೀಪ ತನ್ನ ಬೂಟು ನೋಡಿಕೊಂಡ. ಸುಳ್ಳು ಹೇಳಿ ಗೊತ್ತಿಲ್ಲದ ಪಂಚಶೀಲಾ ಹೇಳಿದಳು, "ಗಾಳಿ ತಿರುಗಿತ್ತು, ಚಾಚಾ."

ಚುಕ್ಕಾಣಿಯ ಮೇಲೆ ಇನ್ನೂ ಒಂದರ ಮೇಲೊಂದಿದ್ದ ಎರಡು ಕೈಗಳನ್ನು ಚಾಚಾ ನೋಡಿದರು. "ಹೌದೌದು. ಈ ವಯಸ್ನಾಗ ಹಿಂಗೇ ತಿರುಗ್ತದ ಅದು," ಎಂದವರು ಚಹಾ ಇಡಲು ಕೆಳಗಿಳಿದರು.

ಊರಿಗೆ ಮರಳಿದ ಮರುದಿನವೇ ಅವಳು ಮೈಸೂರು ಬೇಡವೆಂದು ಬ್ಯಾಂಕಿಗೆ ಬರೆದುಕೊಟ್ಟಳು. ಭಾನುವಾರ ಇಬ್ಬರೂ ಕಮಲಾಪುರಕ್ಕೆ ಹೋದರು. ಕೊಚ್ಚಿಯ ಪೊಟ್ಟಣ ಬಿಚ್ಚಿದ ಕಸ್ತೂರಿಬಾಯಿ ಹಣೆ ಹಣೆ ಚಚ್ಚಿಕೊಂಡಳು.

"ಕೆಂಪು ಬಾಳಿ ಬೆಳೆಯೋ ಊರಿಗೆ ಬಾಳಿಕಾಯಿ ಚಿಪ್ಸ್ ತಂದಾಳ ನೋಡ್ರಿ ನನ್ನ ಮಗಳು!"

ಆಮೇಲೆ ಮಗಳನ್ನು ಅಡುಗೆಮನೆಗೆ ಎಳೆದುಕೊಂಡು ದನಿ ತಗ್ಗಿಸಿದಳು. "ಮೈಸೂರು?"

"ಬ್ಯಾಡಂದೆ."

"ಹೌದಾ! ಏನಾಯ್ತು? ಏನಂದ ಅವ? ಎಲ್ಲಾ ಬಿಡಿಸಿ ಹೇಳು."

ಪಡಸಾಲೆಯಲ್ಲಿ ದಿಲೀಪ ಪಕ್ಕದ ಮನೆಯ ಜಯದೇವಿಗೆ ಮೀನಿನ ಬೋಟಿನ ಕಥೆ ಹೇಳಿ ನಗಿಸುತ್ತಿದ್ದ. ಬಾಗಿಲ ಸಂದಿಯಲ್ಲಿ ಪಂಚಶೀಲಾಳ ಕಣ್ಣು ಕಂಡದ್ದೇ ತಡ, ಅವನ ಮಾತು ಅರ್ಧಕ್ಕೇ ನಿಂತಿತು. ಜಯದೇವಿ "ಮುಂದ?" ಅಂದಳು. ಅವನಿಗೆ ಮುಂದಿನದು ನೆನಪಾಗಲಿಲ್ಲ. ಕಿವಿ ಕೆಂಪಾಯಿತು.

ತಾಯಿ ರೊಟ್ಟಿಯ ಹಿಟ್ಟು ಕಲಸುತ್ತ ಕಾಯುತ್ತಿದ್ದಳು. ಹೇಳಿದರೆ ನಾಳೆ ಮಧ್ಯಾಹ್ನದ ರೊಟ್ಟಿಯ ಜತೆಗೆ ಅದು ದಿಲೀಪನ ತಟ್ಟೆಗೆ ಬೀಳುತ್ತದೆ, ಸಂಜೆಯೊಳಗೆ ಓಣಿಗೆಲ್ಲ ಹಂಚಿಹೋಗುತ್ತದೆ. ಅಷ್ಟು ಕಷ್ಟಪಟ್ಟು ಕತ್ತಲಲ್ಲಿ ಬಂದ ಮಾತುಗಳು.

"ಏನೂ ಆಗಿಲ್ಲವ್ವ. ನೀರು, ಬಿಸಿಲು, ಅಷ್ಟೇ," ಅಂದಳು ಪಂಚಶೀಲಾ. ಅವ್ವನಿಗಾಗಲಿ, ಚಾಚಾಗಾಗಲಿ, ಬ್ಯಾಂಕಿನ ಗೆಳತಿಯರಿಗಾಗಲಿ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಅವಳು ಅಲ್ಲೇ, ಒಲೆಯ ಮುಂದೆ ನಿಂತು ತೀರ್ಮಾನಿಸಿದಳು.